ಈರುಳ್ಳಿಗೂ ಬೂಷ್ಟಿಗೂ ಇರುವ ಹಳೆಯ ಹಗೆ

ಬೆಂಗಳೂರಿನವರು ಈರುಳ್ಳಿ ಎನ್ನುತ್ತಾರೆ, ಧಾರವಾಡದವರು ಉಳ್ಳಾಗಡ್ಡಿ ಎನ್ನುತ್ತಾರೆ, ಮಂಗಳೂರು ಕಡೆಯವರು ನೀರುಳ್ಳಿ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಅದಿಲ್ಲದೆ ನಮ್ಮಲ್ಲಿ ಬಹುಪಾಲು ಮನೆಗಳ ಅಡಿಗೆ ಸಾಗದು. ಮಾರುಕಟ್ಟೆಯಿಂದ ತಂದ ಗಡ್ಡೆಯ ಸಿಪ್ಪೆ ಬಿಡಿಸುವಾಗ ಬೆರಳಿಗೆ ಕಾಡಿಗೆಯಂಥ ಕರಿಯ ಪುಡಿ ಅಂಟುವುದನ್ನು ನಾವೆಲ್ಲ ಕಂಡಿದ್ದೇವೆ. ಅದನ್ನು ಮಣ್ಣೆಂದು ತಿಳಿದು ತೊಳೆದುಬಿಡುತ್ತೇವೆ. ಅದು ಮಣ್ಣಲ್ಲ, ಆಸ್ಪರ್ಜಿಲಸ್ ನೈಗರ್ ಎಂಬ ಶಿಲೀಂಧ್ರದ, ಅಂದರೆ ಬೂಷ್ಟಿನ, ಲಕ್ಷಾಂತರ ಬೀಜಾಣುಗಳು. ಈರುಳ್ಳಿಗೂ ಇಂಥ ಶಿಲೀಂಧ್ರಗಳಿಗೂ ನಡೆದಿರುವ ಹೋರಾಟವನ್ನು ಮನುಷ್ಯ ಅರಿತುಕೊಂಡ ಬಗೆ ಒಂದು ಸ್ವಾರಸ್ಯವಾದ ಚರಿತ್ರೆ.

ಆ ಚರಿತ್ರೆಯ ಮೊದಲ ಪುಟಗಳನ್ನು ಬರೆದವನು ಇಂಗ್ಲೆಂಡಿನ ಒಬ್ಬ ಪಾದ್ರಿ. ಮೈಲ್ಸ್ ಜೋಸೆಫ್ ಬರ್ಕ್ಲಿ (1803–1889) ಚರ್ಚಿನ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಬೂಷ್ಟುಗಳನ್ನು ನೋಡುತ್ತಿದ್ದ. ಈರುಳ್ಳಿಯ ಎಲೆಗೆ ಬರುವ ಬೂಜು ರೋಗದ ಜೀವಿಯನ್ನೂ, ಗಡ್ಡೆಯ ಬುಡವನ್ನು ಕೊಳೆಸುವ ಬಿಳಿ ಕೊಳೆರೋಗದ ಶಿಲೀಂಧ್ರವನ್ನೂ 1841ರಲ್ಲಿ ಅವನು ಹೆಸರಿಟ್ಟು ವರ್ಣಿಸಿದ. ಬಿಳಿ ಈರುಳ್ಳಿಯ ಸಿಪ್ಪೆಯ ಮೇಲೆ ಕರಿಯ ಚುಕ್ಕಿಗಳ ಉಂಗುರಗಳನ್ನು ಮೂಡಿಸುವ ಇನ್ನೊಂದು ಶಿಲೀಂಧ್ರವನ್ನು 1851ರಲ್ಲಿ ವರ್ಣಿಸಿದ. ಈ ಕೊನೆಯದನ್ನು ನಾವು ಮಸಿರೋಗವೆಂದು ಕರೆಯೋಣ. ಮುಂದೆ ಇದರ ಪಾತ್ರ ದೊಡ್ಡದು.

ಆ ಕಾಲದ ಅನೇಕ ಪಂಡಿತರ ನಂಬಿಕೆ ಬೇರೆಯೇ ಇತ್ತು. ಗಿಡ ಕೆಟ್ಟ ಹವೆಯಿಂದ ತಾನಾಗಿ ಕೊಳೆಯುತ್ತದೆ, ಕೊಳೆತ ಮೇಲೆ ಬೂಷ್ಟು ಹುಟ್ಟಿಕೊಳ್ಳುತ್ತದೆ ಎಂದು ಅವರು ವಾದಿಸುತ್ತಿದ್ದರು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆ ಬೆಳೆ ಕೊಳೆಯತೊಡಗಿತು. ಅದರಿಂದ ಬಂದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಕೊಳೆತದ್ದಕ್ಕೆ ಬೂಷ್ಟೇ ಕಾರಣ, ಅದು ಫಲವಲ್ಲ ಎಂದು ಬರ್ಕ್ಲಿ 1846ರಲ್ಲಿ ಬರೆದ. ಬಹಳ ಮಂದಿ ಒಪ್ಪಲಿಲ್ಲ. ಜರ್ಮನಿಯ ಆಂಟನ್ ಡಿ ಬಾರಿ 1861ರಲ್ಲಿ ಪ್ರಯೋಗದಿಂದ ಅದನ್ನು ಸಿದ್ಧಪಡಿಸಿದ ಮೇಲೆಯೇ ವಾದ ಮುಗಿಯಿತು. ಈರುಳ್ಳಿಯ ಬೂಜು, ಆಲೂಗೆಡ್ಡೆಯ ಅಂಗಮಾರಿ, ನಮ್ಮ ಮಲೆನಾಡಿನ ಅಡಿಕೆಯ ಕೊಳೆರೋಗ ಇವುಗಳ ಜೀವಿಗಳು ಒಂದೇ ಬಳಗದವು. ಇಂದಿನ ವಿಜ್ಞಾನ ಈ ಬಳಗವನ್ನು ನಿಜವಾದ ಶಿಲೀಂಧ್ರಗಳಿಂದ ಬೇರೆಯಾಗಿಯೇ ಎಣಿಸುತ್ತದೆ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಮೇಲೆ 1910ರಲ್ಲಿ ವರದಿ ಬರೆದು, ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುವ ಪದ್ಧತಿಯನ್ನು ನಮ್ಮ ತೋಟಗಳಿಗೆ ತಂದರು. ಬೂಷ್ಟೇ ಕಾರಣವೆಂದು ಗೊತ್ತಾದ ಮೇಲಲ್ಲವೆ ಔಷಧದ ಮಾತು!

ಇನ್ನು ಕಥೆ ಅಮೆರಿಕಕ್ಕೆ ಹೋಗುತ್ತದೆ. ವಿಸ್ಕಾನ್ಸಿನ್ ಪ್ರಾಂತದ ರಸೀನ್ ಎಂಬಲ್ಲಿ 1893ರಲ್ಲಿ ಹುಟ್ಟಿದ ಜಾನ್ ಚಾರ್ಲ್ಸ್ ವಾಕರ್ ಅದೇ ಪ್ರಾಂತದ ವಿಶ್ವವಿದ್ಯಾಲಯದಲ್ಲಿ ಸಸ್ಯರೋಗ ವಿಜ್ಞಾನಿಯಾದರು. ಮಸಿರೋಗ ಬಿಳಿ ಈರುಳ್ಳಿಗೆ ಮಾತ್ರ ಹೆಚ್ಚಾಗಿ ಬರುತ್ತದೆ, ಕೆಂಪು ಮತ್ತು ಹಳದಿ ಈರುಳ್ಳಿಗೆ ತಟ್ಟುವುದು ಅಪರೂಪ. ಇದು ಏಕೆ? ವಾಕರ್ ಮಾಡಿದ ಪರೀಕ್ಷೆ ನಮ್ಮ ಶಾಲೆಯ ಮಕ್ಕಳಿಗೂ ಅರ್ಥವಾಗುವಷ್ಟು ಸರಳ. ಕೆಂಪು ಗಡ್ಡೆಯ ಒಣ ಸಿಪ್ಪೆಯನ್ನು ನೀರಿನಲ್ಲಿ ನೆನೆಹಾಕಿ, ಆ ನೀರಿನ ಹನಿಯಲ್ಲಿ ಮಸಿರೋಗದ ಬೀಜಾಣುಗಳನ್ನು ಬಿಟ್ಟರು. ಅವು ಮೊಳೆಯಲಿಲ್ಲ, ಎಷ್ಟೋ ಒಡೆದೇ ಹೋದವು. ಬಿಳಿ ಸಿಪ್ಪೆ ನೆನೆಸಿದ ನೀರಿನಲ್ಲಿ ಅವು ಸುಖವಾಗಿ ಮೊಳೆತವು. ಕೆಂಪು ಗಡ್ಡೆಯ ಒಣ ಸಿಪ್ಪೆ ಸುಲಿದುಬಿಟ್ಟರೆ ಒಳಗಿನ ತಿರುಳಿಗೂ ರೋಗ ಹತ್ತಿತು. ಅಂದರೆ ಕಾವಲುಗಾರ ಇದ್ದದ್ದು ನಾವು ಕಸದ ಬುಟ್ಟಿಗೆ ಎಸೆಯುವ ಆ ಸತ್ತ ಸಿಪ್ಪೆಯಲ್ಲಿ!

ಕಾವಲುಗಾರನ ಹೆಸರು ಹಿಡಿದವರು ಅದೇ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿ ಕಾರ್ಲ್ ಪಾಲ್ ಲಿಂಕ್. 1929ರಲ್ಲಿ ಅವರೂ ವಾಕರ್ ಅವರೂ ಜೊತೆಗಾರರೊಡನೆ ಸಿಪ್ಪೆಯಿಂದ ಪ್ರೋಟೋಕ್ಯಾಟೆಕುಯಿಕ್ ಆಮ್ಲವನ್ನು ಬೇರ್ಪಡಿಸಿ ತೋರಿಸಿದರು. 1933ರಲ್ಲಿ ಕ್ಯಾಟೆಕಾಲ್ ಎಂಬ ಎರಡನೆಯ ವಸ್ತುವೂ ದೊರಕಿತು. ಬಣ್ಣವೇ ವಿಷವಲ್ಲ, ಬಣ್ಣದ ಜೊತೆಗಿರುವ ಈ ವಸ್ತುಗಳು ಮಣ್ಣಿನ ತೇವದಲ್ಲಿ ಕರಗಿ ಹೊರಬಂದು, ಬೀಜಾಣು ಬಾಗಿಲು ತಟ್ಟುವ ಮೊದಲೇ ಅದನ್ನು ಕೊಲ್ಲುತ್ತವೆ. ಒಂದು ಗಿಡ ರೋಗವನ್ನು ತಡೆಯುವುದು ಇಂಥದೇ ರಾಸಾಯನಿಕ ವಸ್ತುವಿನಿಂದ ಎಂದು ಬೆರಳಿಟ್ಟು ತೋರಿಸಿದ ಮೊದಮೊದಲ ನಿದರ್ಶನಗಳಲ್ಲಿ ಇದೊಂದು. ಇದೇ ಲಿಂಕ್ ಅವರ ಪ್ರಯೋಗಶಾಲೆಯಲ್ಲಿ ಮುಂದೆ ಕೆಟ್ಟ ಮೇವಿನ ಶೋಧನೆಯಿಂದ ವಾರ್ಫರಿನ್ ಹುಟ್ಟಿತು. ರಕ್ತ ಹೆಪ್ಪುಗಟ್ಟದಂತೆ ಅದನ್ನು ನುಂಗುವ ಹಿರಿಯರು ನಮ್ಮ ಓದುಗರಲ್ಲೂ ಇರಬಹುದು. ವಾಕರ್ ನೂರು ವರ್ಷ ದಾಟಿ ಬದುಕಿ 1994ರಲ್ಲಿ ತೀರಿಕೊಂಡರು.

ಹಾಗೆಂದು ಕೆಂಪು ಈರುಳ್ಳಿ ಗೆದ್ದಿತೆಂದು ತಿಳಿಯಬಾರದು. ಮೊದಲು ಹೇಳಿದ ಕರಿಯ ಪುಡಿಯ ಬೂಷ್ಟು ಕೆಂಪು ಸಿಪ್ಪೆಯ ಮೇಲೆಯೇ ಬೆಳೆಯುವುದನ್ನು ನಾವು ಕಾಣುತ್ತೇವೆ. ಬಿಳಿ ಕೊಳೆರೋಗದ್ದಂತೂ ಸೋಜಿಗದ ಕಥೆ. ಅದರ ಸಾಸಿವೆಗಿಂತ ಸಣ್ಣ ಕರಿಯ ಗುಳಿಗೆಗಳು ಮಣ್ಣಿನಲ್ಲಿ ಇಪ್ಪತ್ತು ವರ್ಷದವರೆಗೂ ಮಲಗಿರಬಲ್ಲವು. ಅವನ್ನು ಎಬ್ಬಿಸುವುದು ಈರುಳ್ಳಿ ಬೆಳ್ಳುಳ್ಳಿಗಳ ಬೇರಿನಿಂದ ಹೊರಡುವ ಗಂಧಕದ ವಾಸನೆ. ಬೇರೆ ಎಷ್ಟೋ ಸೂಕ್ಷ್ಮಜೀವಿಗಳನ್ನು ಹೆದರಿಸುವ ಘಾಟೇ ಈ ಒಬ್ಬ ವೈರಿಗೆ ಊಟದ ಕರೆ. ವಿಜ್ಞಾನಿಗಳೂ ಬಿಡಲಿಲ್ಲ, ಬೆಳೆಯಿಲ್ಲದ ಹೊಲಕ್ಕೆ ಆ ವಾಸನೆಯ ವಸ್ತುವನ್ನೇ ಸೇರಿಸಿ, ಗುಳಿಗೆಗಳನ್ನು ಸುಳ್ಳುಕರೆಯಿಂದ ಎಬ್ಬಿಸಿ, ಉಣ್ಣಲಿಲ್ಲದೆ ಸಾಯುವಂತೆ ಮಾಡುವ ಉಪಾಯ ಹೂಡಿದರು.

ನಮ್ಮ ನಾಡಿನ ರೈತನನ್ನು ಹೆಚ್ಚು ಕಾಡುವವು ಎಲೆಯ ರೋಗಗಳು. ಚಿತ್ರದುರ್ಗ, ಗದಗ, ಬಾಗಲಕೋಟೆ, ವಿಜಯಪುರಗಳ ಕಡೆ ಮುಂಗಾರಿನ ಬೆಳೆ ದೊಡ್ಡದು. ಮಳೆ ಹಿಡಿದು ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಆಲ್ಟರ್ನೇರಿಯ ಪೋರಿ ಎಂಬ ಶಿಲೀಂಧ್ರದ ಬೀಜಾಣು ಮೊಳೆತು, ಎಲೆಯ ಉಸಿರುಗಂಡಿಯಿಂದಲೋ ಗಾಯದಿಂದಲೋ ಒಳನುಗ್ಗುತ್ತದೆ. ಥ್ರಿಪ್ಸ್ ಎಂಬ ನುಸಿ ಕೆರೆದ ಗಾಯ ಅದಕ್ಕೆ ತೆರೆದ ಬಾಗಿಲು. ಮೊದಲು ಸಣ್ಣ ಬಿಳಿ ಚುಕ್ಕೆ, ಆಮೇಲೆ ನೇರಳೆ ಬಣ್ಣದ ಮಚ್ಚೆ, ಸುತ್ತ ಹಳದಿ ಅಂಚು. ಕೊನೆಗೆ ಎಲೆ ಮುರಿದು ಬೀಳುತ್ತದೆ. ಇದೇ ನೇರಳೆ ಮಚ್ಚೆ ರೋಗ. ಎಲೆ ಹೋದರೆ ಗಡ್ಡೆಗೆ ಊಟವಿಲ್ಲ. ಎಲೆಗಳನ್ನು ಸುರುಳಿಯಾಗಿ ತಿರುಚಿ, ಕತ್ತನ್ನು ಉದ್ದ ಮಾಡುವ ತಿರುಚು ರೋಗದಲ್ಲೂ ಶಿಲೀಂಧ್ರದ ಕೈ ಇದೆ. ಅದು ಮಸಿರೋಗದ ಹತ್ತಿರದ ನೆಂಟ. ಬೆಂಗಳೂರು ಬಳಿಯ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆ ನೇರಳೆ ಮಚ್ಚೆಯನ್ನು ಸಾಕಷ್ಟು ತಾಳಿಕೊಳ್ಳುವ ಅರ್ಕಾ ಕಲ್ಯಾಣ್ ಎಂಬ ತಳಿಯನ್ನು ಕೊಟ್ಟಿದೆ. ಆದರೆ ತಳಿಯೊಂದರಿಂದಲೇ ಕೆಲಸ ಸಾಗದು. ಬೆಳೆ ಬದಲಾವಣೆ, ಬೀಜೋಪಚಾರ, ನೀರು ನಿಲ್ಲದ ಏರುಮಡಿ, ಹಳೆಯ ಎಲೆಕಸದ ನಾಶ ಎಲ್ಲವೂ ಬೇಕು. ಈರುಳ್ಳಿಯ ಎಲೆಗೆ ಮೇಣದ ಹೊದಿಕೆ ಇರುವುದರಿಂದ ಸಿಂಪಡಿಸಿದ ಔಷಧ ಜಾರಿಹೋಗುತ್ತದೆ; ಅಂಟುದ್ರಾವಣ ಬೆರೆಸದಿದ್ದರೆ ಹಣ ನೀರುಪಾಲು.

ಕೊಯ್ಲಿನ ನಂತರದ ಕಥೆ ಕತ್ತಿನಲ್ಲಿದೆ. ಗಡ್ಡೆಯ ಕತ್ತು ಚೆನ್ನಾಗಿ ಒಣಗಿ ಮುಚ್ಚಿಕೊಂಡರೆ ಕೊಳೆಸುವ ಬೂಷ್ಟಿಗೆ ದಾರಿಯಿಲ್ಲ; ಹಸಿಯಾಗಿ ಚೀಲಕ್ಕೆ ತುಂಬಿದರೆ ಒಳಗೆಲ್ಲ ಹಬ್ಬುತ್ತದೆ. ಮಳೆಯಲ್ಲಿ ಕಿತ್ತ ಬೆಳೆಗೆ ಒಣಗಲು ಬಿಸಿಲೇ ಸಿಗದು. ರೈತ ಬಂದ ಬೆಲೆಗೆ ಮಾರುತ್ತಾನೆ, ಇಲ್ಲವೆ ರಸ್ತೆಯ ಬದಿಗೆ ಸುರಿಯುತ್ತಾನೆ. ಆಮೇಲೆ ಕೊರತೆ ಬಿದ್ದು ವಾಶಿಯಲ್ಲೂ ದೆಹಲಿಯಲ್ಲೂ ಬೆಲೆ ಏರುತ್ತದೆ. 1998ರಲ್ಲಿ ದೆಹಲಿಯ ಚುನಾವಣೆಯಲ್ಲಿ ಈರುಳ್ಳಿಯ ಬೆಲೆಯೇ ದೊಡ್ಡ ವಿಷಯವಾಗಿತ್ತು. ಆ ಬೆಲೆಯ ಲಾಭ ಬೆಳೆ ಕಳೆದುಕೊಂಡವನ ಕೈಗೆ ಸೇರುವುದಿಲ್ಲ.

ಪೇಟೆಯಲ್ಲಿರುವ ನಾವು ಮಾಡಬಹುದಾದದ್ದು ಸ್ವಲ್ಪ. ಕತ್ತು ಗಟ್ಟಿಯಾಗಿ ಒಣಗಿದ ಗಡ್ಡೆಯನ್ನು ಆರಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ, ಗಾಳಿಯಾಡುವ ಬುಟ್ಟಿಯಲ್ಲಿ ಹರಡಿಡೋಣ. ತಿರುಳಿಗೇ ಬೂಷ್ಟು ಇಳಿದಿದ್ದರೆ ಎಸೆಯೋಣ. ಬೆಲೆ ಏರಿದಾಗ ಬೆಳೆದವನನ್ನು ಬೈಯುವ ಮೊದಲು, ಮಳೆಯಲ್ಲಿ ನೆನೆಯುತ್ತಿರುವ ಅವನ ಹೊಲವನ್ನೂ, ಅಲ್ಲಿ ಒಂದೊಂದು ಎಲೆಯ ಮೇಲೂ ನಡೆಯುತ್ತಿರುವ ಹೋರಾಟವನ್ನೂ ಒಮ್ಮೆ ನೆನೆಯೋಣ. ನಮ್ಮಲ್ಲಿ ಎಷ್ಟೋ ಜನರ ಅಣ್ಣತಮ್ಮಂದಿರ ಹೊಲವೂ ಅದೇ ಸಾಲಿನಲ್ಲಿದೆ.