ಕೋಶಪೊರೆಯ ಎರಡು ಪದರ

ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಂದಿಗೆ ಕಾಯಿಸಿದರೆ ಸಿಹಿಯಾದ, ಮಂದವಾದ ದ್ರವವೊಂದು ದೊರೆಯುತ್ತದೆಂದು 18ನೆಯ ಶತಮಾನದ ಕೊನೆಯ ಭಾಗದಲ್ಲಿ ಸ್ವೀಡನ್ನಿನ ರಸಾಯನ ವಿಜ್ಞಾನಿ ಕಾರ್ಲ್ ಷೀಲೆ ಕಂಡುಕೊಂಡ. ಅದೇ ಗ್ಲಿಸರಾಲ್. ಮೂರು ಕಾರ್ಬನ್ ಪರಮಾಣುಗಳ ಈ ಪುಟ್ಟ ಅಣುವಿನಲ್ಲಿ ಮೂರು ಹೈಡ್ರಾಕ್ಸಿಲ್ ಗುಂಪುಗಳಿವೆ. ಮೂರಕ್ಕೂ ಕೊಬ್ಬಿನ ಆಮ್ಲಗಳು ಕೂಡಿದರೆ ಅಡುಗೆ ಎಣ್ಣೆಯಲ್ಲಿರುವ ಟ್ರೈಗ್ಲಿಸರೈಡ್ ಆಗುತ್ತದೆ. ಇದು ಜೀವಿಗಳ ಶಕ್ತಿಯ ದಾಸ್ತಾನು. ಎರಡಕ್ಕೆ ಕೊಬ್ಬಿನ ಆಮ್ಲ, ಮೂರನೆಯದಕ್ಕೆ ಫಾಸ್ಫೇಟ್ ಗುಂಪು ಸೇರಿದರೆ ಫಾಸ್ಫೊಲಿಪಿಡ್. ಇದರ ಫಾಸ್ಫೇಟ್ ತಲೆಗೆ ನೀರು ಬೇಕು, ಎರಡು ಬಾಲಗಳಿಗೆ ಬೇಡ. ಜೀವಕೋಶದ ಪೊರೆಯ ಲಿಪಿಡ್‌ಗಳಲ್ಲಿ ಬಹುಪಾಲು ಈ ಬಗೆಯವು.

ಪೊರೆಯಲ್ಲಿ ಈ ಅಣುಗಳು ಎಷ್ಟು ಪದರಗಳಾಗಿ ನಿಂತಿವೆ? 1925ರಲ್ಲಿ ಇದಕ್ಕೆ ಉತ್ತರ ಕೊಟ್ಟವರು ನೆದರ್ಲೆಂಡ್ಸಿನ ಲೈಡನ್ನಿನಲ್ಲಿದ್ದ ಎವರ್ಟ್ ಗೋರ್ಟರ್ ಮತ್ತು ಗ್ರೆಂಡೆಲ್. ಗೋರ್ಟರ್ ವೃತ್ತಿಯಿಂದ ಮಕ್ಕಳ ವೈದ್ಯ!

ಅವರು ಆರಿಸಿಕೊಂಡದ್ದು ಸ್ತನಿಗಳ ಕೆಂಪು ರಕ್ತಕಣವನ್ನು. ಆಯ್ಕೆ ಜಾಣತನದ್ದೇ. ಬಲಿತ ರಕ್ತಕಣದಲ್ಲಿ ಕೋಶಕೇಂದ್ರವಿಲ್ಲ, ಒಳಪೊರೆಗಳೂ ಇಲ್ಲ. ಹಾಗಾಗಿ ಅದರಿಂದ ದೊರೆತ ಲಿಪಿಡ್ ಎಲ್ಲ ಹೊರಪೊರೆಯದೇ. ಎಣಿಸಿದ ಕಣಗಳಿಂದ ಅಸಿಟೋನ್ ಬಳಸಿ ಲಿಪಿಡನ್ನು ಬೇರ್ಪಡಿಸಿ ನೀರಿನ ಮೇಲೆ ಹರಡಿದರು. ಇಂಥ ಅಣುಗಳು ತಲೆಯನ್ನು ನೀರಿಗಿಟ್ಟು, ಬಾಲವನ್ನು ಮೇಲಕ್ಕೆತ್ತಿ ಒಂದೇ ಪದರವಾಗಿ ನಿಲ್ಲುತ್ತವೆಂದು ಅಮೆರಿಕದ ಇರ್ವಿಂಗ್ ಲಾಂಗ್‌ಮ್ಯೂರ್ 1917ರಲ್ಲಿ ತೋರಿಸಿದ್ದ. ಈ ಪದರದ ವಿಸ್ತೀರ್ಣ ಕಣಗಳ ಒಟ್ಟು ಮೇಲ್ಮೈಯ ಸುಮಾರು ಎರಡರಷ್ಟಿತ್ತು. ಅಂದರೆ ಪೊರೆ ಎರಡು ಅಣುಗಳಷ್ಟು ದಪ್ಪ: ತಲೆಗಳು ಕೋಶದ ಒಳಗಿನ ಹಾಗೂ ಹೊರಗಿನ ನೀರಿನ ಕಡೆಗೆ, ಬಾಲಗಳು ನಡುವೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. ಸ್ವಾರಸ್ಯವಿರುವುದು ಇದರ ಮುಂದೆ. ಅಸಿಟೋನ್ ಲಿಪಿಡನ್ನೆಲ್ಲ ಕರಗಿಸಿರಲಿಲ್ಲ. ಒಣಗಿದ ಕಣಗಳನ್ನು ಅಳೆದದ್ದರಿಂದ ಮೇಲ್ಮೈಯ ಲೆಕ್ಕವೂ ಕಡಿಮೆ ಬಂದಿತ್ತು: ಮನುಷ್ಯನ ರಕ್ತಕಣಕ್ಕೆ ಸುಮಾರು 100 ಚದರ ಮೈಕ್ರಾನ್. ಒಣಗದ ಕಣದಲ್ಲಿ ಅದು 140ರ ಸಮೀಪವಿರುತ್ತದೆ. ಭಿನ್ನರಾಶಿಯ ಅಂಶವೂ ಕಡಿಮೆ, ಛೇದವೂ ಕಡಿಮೆ. ಎರಡು ಲೋಪಗಳು ಒಂದನ್ನೊಂದು ಸರಿದೂಗಿಸಿ ಉತ್ತರ ಮಾತ್ರ ಎರಡೇ ಬಂತು. ತೀರ್ಮಾನ ಸರಿ, ಅಳತೆ ತಪ್ಪು. ಇದನ್ನು ವಿದ್ಯಾರ್ಥಿಗಳಿಂದ ಮುಚ್ಚಿಡಲು ಕಾರಣವೇ ಇಲ್ಲ.

1966ರಲ್ಲಿ ಅಮೆರಿಕದ ಬಾರ್, ಡೀಮರ್ ಮತ್ತು ಕಾರ್ನ್‌ವೆಲ್ ಈ ಪ್ರಯೋಗವನ್ನು ಮತ್ತೆ ಮಾಡಿದರು. ನೀರಿನ ಮೇಲಿನ ಪದರವನ್ನು ಹೆಚ್ಚು ಒತ್ತದಿದ್ದಾಗ ಅನುಪಾತ 2 ಬಂತು. ಪದರ ಕುಸಿಯುವ ಹಂತದವರೆಗೆ ಒತ್ತಿದಾಗ ಸುಮಾರು 1.3 ಆಯಿತು. ಹಾಗೆ ಒತ್ತಾಗಿ ಜೋಡಿಸಿದರೆ ರಕ್ತಕಣವನ್ನು ಎರಡು ಸುತ್ತು ಮುಚ್ಚಲು ಲಿಪಿಡ್ ಒಂದೇ ಸಾಲದು. ಉಳಿದ ಜಾಗ ಪ್ರೋಟೀನುಗಳದು. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಮುಂದಿಟ್ಟ ಮಾದರಿಯಲ್ಲಿ ಅವು ಈ ಇಮ್ಮಡಿ ಪದರದಲ್ಲೇ ಹುದುಗಿ, ಅದರೊಳಗೆ ಅತ್ತಿತ್ತ ತೇಲುತ್ತಿರುತ್ತವೆ.