ಹೆಸರು ಪರದೇಶದ್ದು, ತೊಟ್ಟಿಲು ನಮ್ಮದು

ಹೋದ ವರ್ಷ ಡೊಂಬಿವಲಿಯ ನಮ್ಮ ಮನೆಯಲ್ಲಿ ಹೆಣ್ಣು ಕೂಸು ಹುಟ್ಟಿತು. ಅದರ ಸಂಗಡವೇ ಹೆಸರಿನ ವ್ಯಾಜ್ಯವೂ ಹುಟ್ಟಿತು. ಧಾರವಾಡದಿಂದ ಬಂದಿದ್ದ ನಮ್ಮ ತಾಯಿಯವರಿಗೆ ತಮ್ಮ ಅತ್ತೆಯ ‘ಕೃಷ್ಣವೇಣಿ’ ಎಂಬ ಹೆಸರೇ ಆಗಬೇಕು. ನಮಗೂ ನಮ್ಮ ಮನೆಯವರಿಗೂ ‘ಕಿಯಾರಾ’ ಹಿಡಿಸಿತ್ತು. ಬ್ಯಾಂಕಿನಲ್ಲಿ ಎಳೆಯರ ಖಾತೆಯ ಫಾರಮುಗಳಲ್ಲಿ ಅದನ್ನು ಹಲವು ಬಾರಿ ಕಂಡಿದ್ದೆವು. ಬೆಳಕೆಂದು ಅದರ ಅರ್ಥವೆಂದು ಯಾರೋ ಹೇಳಿದ್ದರು. “ಇದ್ಯಾವ ಊರ ಹೆಸರೋ ತಮ್ಮಾ? ನಮ್ಮ ಮನೆತನಕ್ಕೂ ಅದಕ್ಕೂ ಏನು ಸಂಬಂಧ?” ಎಂದು ತಾಯಿಯವರು ಕೇಳಿದಾಗ ಉತ್ತರ ತೋಚಲಿಲ್ಲ.

ಹುಡುಕಿ ನೋಡಲಾಗಿ ಆ ಹೆಸರಿಗೆ ಎರಡು ತವರುಗಳಿರುವುದು ತಿಳಿಯಿತು. ಇಟಲಿಯಲ್ಲಿ ಅದು ಬೆಳಗುವವಳು. ಐರ್ಲೆಂಡಿನಲ್ಲಿಯೋ ಅದಕ್ಕೆ ತೀರ ವಿರುದ್ಧ: ಅಲ್ಲಿಯ ಹಳೆಯ ನುಡಿಯಲ್ಲಿ ‘ಕಿಯರ್’ ಎಂದರೆ ಕಪ್ಪು, ಆದುದರಿಂದ ಆ ಹೆಸರಿನವಳು ಕಪ್ಪು ಕೂದಲಿನವಳು. 7ನೆಯ ಶತಮಾನದ ಸಂನ್ಯಾಸಿನಿಯೊಬ್ಬಳು ಆ ಹೆಸರಿನಿಂದ ಪೂಜ್ಯಳಾಗಿದ್ದಾಳೆ. ಅಲ್ಲಿನವರು ಅದನ್ನು ‘ಕೀರಾ’ ಎಂಬಂತೆ ಉಚ್ಚರಿಸುತ್ತಾರೆ.

ಪರನುಡಿಯ ಹೆಸರನ್ನು ಮಕ್ಕಳಿಗಿಡುವುದು ಇಂದಿನ ಚಾಳಿಯೆಂದು ಹಿರಿಯರು ಮರುಗುವುದುಂಟು. ಆದರೆ ನಾವು ಕಾಲೂರಿ ನಿಂತ ಈ ನೆಲದ ಚರಿತ್ರೆ ಬೇರೆಯೇ ಮಾತು ಹೇಳುತ್ತದೆ. 9ನೆಯ ಶತಮಾನದಿಂದ 13ನೆಯ ಶತಮಾನದವರೆಗೆ ಠಾಣೆಯ ಸುತ್ತಣ ಉತ್ತರ ಕೊಂಕಣವನ್ನಾಳಿದವರು ಶಿಲಾಹಾರರು. ಮೊದಲಿಗೆ ಇವರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಇವರ ತಾಮ್ರಪಟಗಳು ಸಂಸ್ಕೃತದವು. ಹೆಸರುಗಳನ್ನಾದರೋ ಕೇಳಿರಿ: ವಪ್ಪುವಣ್ಣ, ಗೊಗ್ಗಿ, ಮುಮ್ಮುಣಿ. ‘ವಪ್ಪುವಣ್ಣ’ನಲ್ಲಿರುವ ಅಣ್ಣನನ್ನು ಕನ್ನಡಿಗನ ಕಿವಿ ಗುರುತಿಸದೆ ಇದ್ದೀತೆ? 1017ರಲ್ಲಿ ದಾನಶಾಸನ ಬರೆಸಿದ ಇಲ್ಲಿಯ ಅರಸನ ಹೆಸರು ಅರಿಕೇಸರಿ. ಪಂಪನಿಗೆ ಆಶ್ರಯವಿತ್ತ ವೇಮುಲವಾಡದ ಚಾಲುಕ್ಯ ದೊರೆಯ ಹೆಸರೂ ಅದೇ. ಡೊಂಬಿವಲಿಯಿಂದ ಲೋಕಲ್ ಗಾಡಿ ಹಿಡಿದು ಅಂಬರನಾಥಕ್ಕೆ ಹೋದರೆ, ಮುಮ್ಮುಣಿಯ ಕಾಲದ 1060ರ ಶಾಸನವುಳ್ಳ ಶಿವಾಲಯ ಇಂದಿಗೂ ನಿಂತಿದೆ. ಹೆಸರುಗಳು ಗಡಿ ದಾಟುವಾಗ ಯಾರ ರಹದಾರಿಯನ್ನೂ ಕೇಳಲಿಲ್ಲ.

ಐರ್ಲೆಂಡಿನಿಂದ ನಮ್ಮತ್ತ ಬಂದು ನಮ್ಮ ಹೆಸರನ್ನು ಹೊತ್ತವಳೂ ಒಬ್ಬಳಿದ್ದಾಳೆ. 1867ರಲ್ಲಿ ಅಲ್ಲಿಯ ಡಂಗ್ಯಾನನ್ ಊರಿನಲ್ಲಿ ಹುಟ್ಟಿದ ಮಾರ್ಗರೆಟ್ ನೋಬಲ್‌ಗೆ 1898ರ ಮಾರ್ಚಿಯಲ್ಲಿ ಸ್ವಾಮಿ ವಿವೇಕಾನಂದರು ‘ನಿವೇದಿತಾ’ ಎಂದು ಹೆಸರಿಟ್ಟರು. ಅರ್ಪಿತಳಾದವಳು ಎಂಬ ಅರ್ಥವನ್ನು ಆಕೆ ಬಾಳಿ ತೋರಿಸಿದಳು. ಅದೇ ವರ್ಷ ಕಲ್ಕತ್ತೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು, ಮರುವರ್ಷ ಪ್ಲೇಗಿನ ಬೀದಿಗಳಲ್ಲಿ ದುಡಿದಳು. ಇಂದು ಕನ್ನಡದ ಎಷ್ಟೋ ಮನೆಗಳಲ್ಲಿ ನಿವೇದಿತೆಯರಿದ್ದಾರೆ. ಆಕೆಗೆ ಭಾರತದ ರಕ್ತವಿತ್ತೆ? ಇರಲಿಲ್ಲ. ಹೆಸರಿನ ಅರ್ಥವನ್ನರಿತು ಅದನ್ನು ಹೊತ್ತಳು. ಅಷ್ಟರಿಂದಲೇ ಅದು ಆಕೆಯದಾಯಿತು.

ನಮ್ಮ ತಪ್ಪು ಇಲ್ಲಿಯೇ ಇತ್ತು. ಪರರ ಹೆಸರನ್ನು ಬಯಸಿದ್ದು ತಪ್ಪಲ್ಲ. ಅದು ಎಲ್ಲಿಯದು, ಏನು ಹೇಳುತ್ತದೆ ಎಂದು ವಿಚಾರಿಸದೆ ಅಜ್ಜಿಯ ಹೆಸರನ್ನು ಬದಿಗೆ ಸರಿಸಹೊರಟದ್ದು ತಪ್ಪು.

ಇದನ್ನೆಲ್ಲ ಹೇಳಿದಾಗ ತಾಯಿಯವರು ಕ್ಷಣ ಹೊತ್ತು ಸುಮ್ಮನಿದ್ದು, “ಕರೀ ಕೂದಲದಾಕಿ ಅಂದ್ರ ಕೃಷ್ಣವೇಣಿನ ಅಲ್ಲೇನೋ?” ಎಂದರು. ನಾವು ಬೆರಗಾದೆವು. ಆದರೂ ಒಂದು ಮಾತು ಉಳಿಯಿತು. ಕೃಷ್ಣವೇಣಿ ಎಂದರೆ ಬರಿಯ ಜಡೆಯಲ್ಲ, ನಮ್ಮ ಕೃಷ್ಣಾ ನದಿಯೂ ಹೌದು. ಆ ನೀರನ್ನು ಐರ್ಲೆಂಡಿನ ಹೆಸರು ಹೊತ್ತು ತರಲಾರದು. ಆದುದರಿಂದ ತೊಟ್ಟಿಲಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಉಸುರಿದ್ದು ಕೃಷ್ಣವೇಣಿ. ಜನನದ ದಾಖಲೆಯಲ್ಲಿ ಬರೆಸಿದ್ದು ಕಿಯಾರಾ. ‘ಕೀರ’ವೆಂದರೆ ಗಿಳಿಯಲ್ಲವೆ? ತಾಯಿಯವರು ಅದನ್ನೇ ಹಿಡಿದು ‘ಗಿಣಿ’ ಎಂದು ಕರೆಯುತ್ತಾರೆ. ಕೂಸು ಓಗೊಡುವುದು ಆ ಹೆಸರಿಗೇ.

ಠಾಣೆ, ಕಲ್ಯಾಣ, ನವಿ ಮುಂಬಯಿಯ ಕನ್ನಡ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೇ: ಯಾವ ನಾಡಿನ ಹೆಸರನ್ನಾದರೂ ಇಡಿರಿ, ಇಡುವ ಮೊದಲು ಅದರ ಅರ್ಥವನ್ನೂ ಮನೆಯ ಹಿರಿಯರನ್ನೂ ಒಮ್ಮೆ ಕೇಳಿರಿ.