ಮೆಟ್ರೊ ಪಿಲ್ಲರ್ ಕಂಬಿ ರಸ್ತೆಗೆ ಬಿದ್ದಿದ್ದು ಹೇಗೆ? ದೊಡ್ಡ ಕಾಮಗಾರಿಯಲ್ಲಿ ಸುರಕ್ಷತೆ ಯಾರ‍್ಯಾರ ಕೈಲಿದೆ – ಇಲ್ಲಿದೆ ವಿವರ

2023ರ ಜನವರಿ 10, ಮಂಗಳವಾರ ಬೆಳಗ್ಗೆ. ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ನಾಗವಾರ ಹತ್ತಿರ ಮೆಟ್ರೊ ಪಿಲ್ಲರಿಗೆ ಅಂತ ಕಟ್ಟಿ ನಿಲ್ಲಿಸಿದ್ದ ಕಂಬಿಗಳ ಚೌಕಟ್ಟು ವಾಲಿ, ಓಡಾಡೋ ರಸ್ತೆಗೇ ಬಿತ್ತು. ದ್ವಿಚಕ್ರ ವಾಹನದಲ್ಲಿ ಹೋಗ್ತಿದ್ದ ಒಂದು ಕುಟುಂಬ ಅದರಡಿ ಸಿಕ್ಕಿಕೊಂಡಿತು. ತಾಯಿ ಮತ್ತು ಪುಟ್ಟ ಮಗ ತೀರಿಕೊಂಡರು, ತಂದೆ ಮತ್ತು ಮಗಳು ಉಳಿದರು. ಮೂರು ದಿನ ಕಳೆಯೋದರೊಳಗೆ ಹೈಕೋರ್ಟ್ ತಾನಾಗೇ ಈ ಪ್ರಕರಣ ಕೈಗೆತ್ತಿಕೊಂಡಿತು.

ನಮ್ಮ ತಾಲ್ಲೂಕಿನಿಂದ ದಿನಾ ಎಷ್ಟು ಜನ ಬೆಂಗಳೂರಿಗೆ ಹೋಗ್ತಾರೆ ಅಂತ ಬಸ್ ಸ್ಟ್ಯಾಂಡಲ್ಲಿ ಬೆಳಗ್ಗೆ ಐದೂವರೆಗೆ ನಿಂತರೆ ಗೊತ್ತಾಗುತ್ತೆ. ಆಸ್ಪತ್ರೆಗೆ, ಸಂತೆ ಮಾಲಿಗೆ, ಮಕ್ಕಳ ಅಡ್ಮಿಷನ್‌ಗೆ. ಎಲ್ಲರೂ ಯಾವುದೋ ಒಂದು ಮೆಟ್ರೊ ಪಿಲ್ಲರಿನ ಕೆಳಗೇ ಹಾದು ಹೋಗಬೇಕು. ಹಾಗಾಗಿ ಈ ಬರಹ.

ಕಂಬಿ ಚೌಕಟ್ಟು ಯಾಕೆ ಬೀಳುತ್ತೆ?

ಪಿಲ್ಲರ್ ಎತ್ತೋವಾಗ ಮೊದಲು ಕಂಬಿ ಕಟ್ತಾರೆ, ಆಮೇಲೆ ಸುತ್ತ ಸೆಂಟ್ರಿಂಗ್ ಪ್ಲೇಟ್ ಹಾಕಿ ಕಾಂಕ್ರೀಟ್ ತುಂಬ್ತಾರೆ. ಕಾಂಕ್ರೀಟ್ ಗಟ್ಟಿ ಆದ ಮೇಲೆ ಆನೆ ಗುದ್ದಿದ್ರೂ ಅಲ್ಲಾಡಲ್ಲ. ಆದರೆ ಅದಕ್ಕೆ ಮುಂಚೆ, ಬರೀ ಕಂಬಿ ನಿಂತಿರೋ ಆ ಕೆಲವು ದಿನಗಳಲ್ಲಿ, ಅದು ಟನ್‌ಗಟ್ಟಲೆ ತೂಕದ ಒಂದು ಎತ್ತರದ ಪಂಜರ ಅಷ್ಟೆ. ತಾನಾಗಿ ನಿಲ್ಲೋ ಶಕ್ತಿ ಅದಕ್ಕೆ ಕಡಿಮೆ. ಅದಕ್ಕೇ ನಾಲ್ಕೂ ಕಡೆಯಿಂದ ಉಕ್ಕಿನ ಹಗ್ಗ ಎಳೆದು ಕಟ್ಟಬೇಕು ಅಥವಾ ಆಧಾರ ಕೊಡಬೇಕು. ನಮ್ಮ ಕಡೆ ಜಾತ್ರೆಗೆ ತೇರು ಎಳೆಯೋವಾಗ ಹಿಂದೆ ಮುಂದೆ ಹಗ್ಗ ಹಿಡಿದು ನಿಲ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ.

ರಸ್ತೆ ಮಧ್ಯದ ಪಿಲ್ಲರಿನಲ್ಲಿ ತೊಂದರೆ ಏನಂದ್ರೆ, ಹಗ್ಗ ದೂರಕ್ಕೆ ಎಳೆದು ಕಟ್ಟೋಕೆ ಜಾಗ ಇರಲ್ಲ. ಎರಡೂ ಕಡೆ ವಾಹನ ಓಡಾಡ್ತಿರುತ್ತೆ. ಜಾಗ ಬೇಕು ಅಂದ್ರೆ ಒಂದು ಲೇನ್ ಬಂದ್ ಮಾಡಬೇಕು, ಅದಕ್ಕೆ ಟ್ರಾಫಿಕ್ ಪೊಲೀಸರು ಒಪ್ಪಬೇಕು. ಅಂದ್ರೆ ಕಂಬಿ ಕಟ್ಟೋ ಕೆಲಸ ಗುತ್ತಿಗೆದಾರನದ್ದು, ಆದರೆ ಅದು ಭದ್ರವಾಗಿ ನಿಲ್ಲೋಕೆ ಬೇಕಾದ ಜಾಗ ಇನ್ನೊಬ್ಬರ ಕೈಲಿ. ನಾಗವಾರದ ಘಟನೆಯನ್ನು ಭಾರತೀಯ ವಿಜ್ಞಾನ ಸಂಸ್ಥೆಯ ತಜ್ಞರೂ ಪರಿಶೀಲಿಸಿದರು. ಚೌಕಟ್ಟಿಗೆ ಸಾಕಷ್ಟು ಆಧಾರ ಇರಲಿಲ್ಲ ಅನ್ನೋದೇ ಹೊರಬಂದ ಮುಖ್ಯ ಅಂಶ.

ಒಂದು ಪಿಲ್ಲರಿಗೆ ಎಷ್ಟು ಯಜಮಾನರು?

ಹೊರಗಿನವರಿಗೆ ಎಲ್ಲಾ 'ಮೆಟ್ರೊದವರು'. ಒಳಗೆ ನೋಡಿದ್ರೆ ನಿಗಮ ಒಂದು, ಅದರ ಪರವಾಗಿ ಕೆಲಸ ನೋಡೋ ಕನ್ಸಲ್ಟೆಂಟ್ ಒಬ್ಬರು, ಮುಖ್ಯ ಗುತ್ತಿಗೆದಾರ, ಅವರ ಕೆಳಗೆ ಉಪಗುತ್ತಿಗೆದಾರರು, ಅವರಿಗೆ ಆಳು ಕೊಡೋ ಮೇಸ್ತ್ರಿ, ಕ್ರೇನ್ ಬಾಡಿಗೆಗೆ ಬಿಟ್ಟವರು ಬೇರೆ. ಸೈಟ್ ಹೊರಗೆ ಟ್ರಾಫಿಕ್ ಪೊಲೀಸ್, ಪಾಲಿಕೆ, ಜಲಮಂಡಳಿ, ಬೆಸ್ಕಾಂ. ಅವಘಡ ಆಗೋದು ಬಹಳ ಸಲ ಇವರಿಬ್ಬರ ನಡುವಿನ ಸಂದಿಯಲ್ಲೇ. 'ಅದು ಅವರು ನೋಡ್ಕೊತಾರೆ' ಅಂತ ಇವರು, 'ಇವರು ನೋಡಿರ್ತಾರೆ' ಅಂತ ಅವರು.

2025ರ ಏಪ್ರಿಲ್‌ನಲ್ಲಿ ಯಲಹಂಕ ಹತ್ತಿರ ಕೋಗಿಲು ಕ್ರಾಸ್‌ನಲ್ಲಿ ಲಾರಿ ಮೇಲೆ ಸಾಗಿಸ್ತಿದ್ದ ಮೆಟ್ರೊ ಗರ್ಡರ್ ಆಟೊ ಮೇಲೆ ಬಿದ್ದು ಚಾಲಕ ಸತ್ತರು. ಅದು ಸೈಟೂ ಅಲ್ಲ, ಗರ್ಡರ್ ಮಾಡೋ ಯಾರ್ಡೂ ಅಲ್ಲ. ಎರಡರ ನಡುವಿನ ರಸ್ತೆ.

ದಿಲ್ಲಿ ಕಲಿತ ಪಾಠ

ದಿಲ್ಲಿ ಮೆಟ್ರೊದಲ್ಲಿ 2009ರ ಜುಲೈ 12ರಂದು ಜಮ್ರೂದ್‌ಪುರ ಅನ್ನೋ ಕಡೆ ಪಿಲ್ಲರಿನ ತಲೆಭಾಗ ಮುರಿದು, ಗರ್ಡರ್ ಕೂರಿಸೋ ಯಂತ್ರ ಸಮೇತ ಕುಸಿದು ಆರು ಜನ ಸತ್ತರು. ಆ ಪಿಲ್ಲರಿನಲ್ಲಿ ಮೊದಲೇ ಬಿರುಕು ಕಾಣಿಸಿಕೊಂಡಿತ್ತು, ರಿಪೇರಿ ಮಾಡಿ ಕೆಲಸ ಮುಂದುವರಿಸಿದ್ದರು. ಮಾರನೇ ದಿನ ಅವಶೇಷ ಎತ್ತೋಕೆ ಬಂದ ಕ್ರೇನ್‌ಗಳೂ ಉರುಳಿದವು. ಅವತ್ತಿನ ಮುಖ್ಯಸ್ಥರು ಇ. ಶ್ರೀಧರನ್. ನಮ್ಮ ಕಾರವಾರ, ಉಡುಪಿ ಕಡೆಗೆ ಕೊಂಕಣ ರೈಲು ತಂದವರು ಅವರೇ. ಹೊಣೆ ಹೊತ್ತು ಅವತ್ತೇ ರಾಜೀನಾಮೆ ಕೊಟ್ಟರು, ಮುಖ್ಯಮಂತ್ರಿ ಶೀಲಾ ದೀಕ್ಷಿತ್ ಒಪ್ಪಲಿಲ್ಲ. ತಪ್ಪಾದಾಗ ಮೊದಲು ಮೇಸ್ತ್ರಿಯನ್ನ ತೋರಿಸೋ ನಮ್ಮ ಪದ್ಧತಿ ನೋಡಿದವರಿಗೆ ಇದು ದೊಡ್ಡ ವಿಷಯವೇ.

ಲಂಡನ್‌ನಲ್ಲಿ ಏನು ಮಾಡಿದರು?

ಲಂಡನ್ ಊರಿನ ಅಡಿಯಲ್ಲಿ 42 ಕಿ.ಮೀ. ಸುರಂಗ ಕೊರೆದ 'ಕ್ರಾಸ್‌ರೈಲ್' ಯೋಜನೆ 2009ರಲ್ಲಿ ಶುರುವಾಗಿ 2022ರ ಮೇ 24ರಂದು ಎಲಿಜಬೆತ್ ಲೈನ್ ಹೆಸರಲ್ಲಿ ಜನರಿಗೆ ತೆರೆಯಿತು. ಅಲ್ಲೂ ಹತ್ತಾರು ಗುತ್ತಿಗೆಗಳು. ಅವರು ಮಾಡಿದ ಒಂದು ಉಪಾಯ: ಎಲ್ಲಾ ಗುತ್ತಿಗೆದಾರರ ಸುರಕ್ಷತೆಗೂ ಒಂದೇ ಅಳತೆಗೋಲಲ್ಲಿ ಅಂಕ. ಎಷ್ಟು ಜನಕ್ಕೆ ಏಟಾಯ್ತು ಅನ್ನೋದರ ಜೊತೆ, ಏಟಾಗೋ ಮುಂಚೆ ಏನು ಮಾಡಿದ್ರಿ ಅನ್ನೋದಕ್ಕೂ ಅಂಕ. ಹಿಂದೆ ಬಿದ್ದ ಸೈಟು ಮುಂದಿರೋ ಸೈಟನ್ನ ನೋಡಿ ಕಲಿಯಬೇಕು. ಸುರಂಗ ಕೆಲಸ ಕಲಿಸೋಕೆ ಅಂತಲೇ ಒಂದು ತರಬೇತಿ ಶಾಲೆ ತೆರೆದರು. ಸೈಟಿಗೆ ಬರೋ ಲಾರಿ ಚಾಲಕರಿಗೂ, ಸೈಕಲ್‌ನವರು ಕಣ್ಣಿಗೆ ಬೀಳದೆ ಹೇಗೆ ಚಕ್ರಕ್ಕೆ ಸಿಗ್ತಾರೆ ಅಂತ ತರಬೇತಿ ಕಡ್ಡಾಯ ಮಾಡಿದರು.

ಇಷ್ಟೆಲ್ಲಾ ಇದ್ದೂ 2014ರ ಮಾರ್ಚ್‌ನಲ್ಲಿ ಸುರಂಗದೊಳಗೆ, ಆಗಷ್ಟೇ ಸಿಂಪಡಿಸಿದ ಹಸಿ ಕಾಂಕ್ರೀಟ್ ಮೇಲಿಂದ ಬಿದ್ದು ಒಬ್ಬ ಕಾರ್ಮಿಕ ಸತ್ತರು. ಅಲ್ಲಿ ಯಾರೂ ಹೋಗದ ಹಾಗೆ ಗಡಿ ಹಾಕಿ ಕಾಯಬೇಕಿತ್ತು, ಅದು ಸರಿಯಾಗಿ ಆಗಿರಲಿಲ್ಲ. ಗುತ್ತಿಗೆದಾರರಿಗೆ ಕೋರ್ಟ್ 2017ರಲ್ಲಿ 10 ಲಕ್ಷ ಪೌಂಡಿಗೂ ಹೆಚ್ಚು ದಂಡ ಹಾಕಿತು.

ನಮ್ಮಲ್ಲಿ ಕಾನೂನು ಇಲ್ವಾ?

ಇದೆ, ಹಿಂದೆಯೂ ಇತ್ತು. ಕಟ್ಟಡ ಕಾರ್ಮಿಕರ 1996ರ ಕಾಯ್ದೆ ಪ್ರಕಾರ 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರೋ ಕಡೆ ಸುರಕ್ಷತಾ ಸಮಿತಿ ಇರಬೇಕಿತ್ತು. ಆ ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಕಡೆಯವರಿಗಿಂತ ಕಡಿಮೆ ಇರುವಂತಿರಲಿಲ್ಲ! ಈ ಸಾಲು ಓದಿ ನನಗೇ ಆಶ್ಚರ್ಯ ಆಯ್ತು. ಹೊಸ ಕಾರ್ಮಿಕ ಸಂಹಿತೆಯಲ್ಲಿ 250 ಕಾರ್ಮಿಕರಿರೋ ನಿರ್ಮಾಣ ಕೆಲಸಕ್ಕೇ ಸೇಫ್ಟಿ ಆಫೀಸರ್ ಬೇಕು.

ಕಾಗದ ಬೇರೆ, ಸೈಟು ಬೇರೆ. ಡಿಗ್ರಿ ಬಿಟ್ಟ ಮೇಲೆ ನಾನು ಒಂದು ಮೂರು ತಿಂಗಳು ಬೆಂಗಳೂರಿನ ಒಂದು ಸೈಟಲ್ಲಿ ಗೇಟ್ ರಿಜಿಸ್ಟರ್ ಬರೀತಿದ್ದೆ. ಮೆಟ್ರೊ ಅಲ್ಲ, ಹೆಸರು ಬೇಡ. ದಿನಾ ಬೆಳಗ್ಗೆ ಕೆಲಸಕ್ಕೆ ಮುಂಚೆ ಹತ್ತು ನಿಮಿಷ ಅಪಾಯದ ಬಗ್ಗೆ ಹೇಳಿ ಸಹಿ ತಗೋಬೇಕಿತ್ತು. ಸೋಮವಾರವೇ ಇಡೀ ವಾರದ ಸಹಿ ಹಾಕಿಸ್ತಿದ್ದೆವು. ಹಾಕಿಸಿದ್ದು ನಾನೇ. ಬಿಹಾರ, ಒಡಿಶಾ ಹುಡುಗರು ಏನೂ ಕೇಳದೆ ಹೆಬ್ಬೆಟ್ಟು ಒತ್ತಿ ಹೋಗ್ತಿದ್ದರು. ಗೋಡೆ ಮೇಲಿನ ಎಚ್ಚರಿಕೆ ಬೋರ್ಡ್ ಕನ್ನಡ, ಇಂಗ್ಲಿಷ್‌ನಲ್ಲಿತ್ತು. ಒಂದಿನ ಒಬ್ಬ ಹುಡುಗ ಮೇಸ್ತ್ರಿಗೆ, ಕ್ರೇನ್ ಪಟ್ಟಿ ಹರಿದಿದೆ ಅಂತ ತೋರಿಸಿದ. 'ನೀನು ಎಂಜಿನಿಯರ‍್ರಾ?' ಅಂದರು ಮೇಸ್ತ್ರಿ. ಆಮೇಲೆ ಅವನು ಯಾವತ್ತೂ ಏನೂ ಹೇಳಲಿಲ್ಲ. ಪಟ್ಟಿ ಅವತ್ತು ಹರಿಯಲಿಲ್ಲ, ಅದೃಷ್ಟ.

ಚೂರಲ್ಲಿ ತಪ್ಪಿದ ಇಂಥ ಘಟನೆಗಳನ್ನೇ ಒಳ್ಳೇ ಸೈಟುಗಳಲ್ಲಿ ಬರೆದಿಟ್ಟು, ಪಕ್ಕದ ಗುತ್ತಿಗೆದಾರನಿಗೂ ಹೇಳೋದು. ಹೇಳಿದವನಿಗೆ ಬೈಗುಳ ಬೀಳಬಾರದು, ಸಂಬಳ ಕಟ್ ಆಗಬಾರದು. ಇದು ಆಗದೆ ಹೆಲ್ಮೆಟ್, ಜಾಕೆಟ್ ಎಷ್ಟು ಹಂಚಿದರೂ ಅಷ್ಟೇ.

ಅಂಗಡಿಯವರಿಗೆ ಇದರಲ್ಲಿ ಏನು?

ಇದೆ. ಸುರಂಗ ಕೊರೆಯೋವಾಗ ನೆಲ ಸ್ವಲ್ಪ ಕೂರಬಹುದು. ಬೆಂಗಳೂರಿನ ನೆಲದಲ್ಲಿ ಗಟ್ಟಿ ಬಂಡೆ, ಸಡಿಲ ಮಣ್ಣು ಎರಡೂ ಬೆರೆತಿದ್ದು ಯಂತ್ರಕ್ಕೆ ಕಷ್ಟ. ನಾಗವಾರದ ದುರಂತ ಆಗಿ ಎರಡೇ ದಿನಕ್ಕೆ ಬ್ರಿಗೇಡ್ ರಸ್ತೆಯಲ್ಲಿ, ಕೆಳಗೆ ಮೆಟ್ರೊ ಸುರಂಗ ಹೋಗಿದ್ದ ಜಾಗದಲ್ಲಿ, ರಸ್ತೆ ಗುಂಡಿ ಬಿದ್ದು ಬೈಕ್ ಸವಾರರೊಬ್ಬರಿಗೆ ಗಾಯವಾಯ್ತು. ನೆಲದಡಿ ಹಳೇ ಬಾವಿ, ಬೋರ್‌ವೆಲ್ ಇದ್ದರೆ ಅಪಾಯ ಹೆಚ್ಚು. ಅದು ನಕ್ಷೆಯಲ್ಲಿ ಇರಲ್ಲ, ಮನೆಯ ಹಿರಿಯರಿಗೆ ಮಾತ್ರ ಗೊತ್ತಿರುತ್ತೆ. ನಮ್ಮ ಪೇಟೆ ಬೀದಿಯಲ್ಲೇ ಬಾವಿ ಮುಚ್ಚಿ ಅಂಗಡಿ ಕಟ್ಟಿದವರು ಎಷ್ಟು ಜನ ಇಲ್ಲ? ಸರ್ವೆಗೆ ಬಂದವರಿಗೆ 'ನಮ್ಮ ಜಾಗ ಹೋಗುತ್ತೆ' ಅಂತ ಹೆದರಿ ಮುಚ್ಚಿಟ್ಟರೆ ನಷ್ಟ ನಮ್ಮದೇ.

ಬೆಂಗಳೂರಲ್ಲಿ ಅಂಗಡಿ ಇರೋ ನಮ್ಮೂರಿನವರು, ಇಲ್ಲೇ ಒಳಚರಂಡಿಗೋ ಫ್ಲೈಓವರಿಗೋ ಆಳವಾಗಿ ಅಗೆಯೋ ಬೀದಿಯವರು ಒಂದು ಮಾಡಿ. ಕೆಲಸ ಶುರುವಾಗೋ ಮುಂಚೆ ಕಟ್ಟಡದ ಸ್ಥಿತಿ ಬರೆದುಕೊಳ್ಳೋ ಸರ್ವೆ ಮಾಡಿಸಿ ಅಂತ ಕೇಳಿ, ಅದರ ಪ್ರತಿ ತಗೊಳ್ಳಿ. ಈಗಾಗಲೇ ಇರೋ ಬಿರುಕುಗಳ ಫೋಟೊವನ್ನ ಅವತ್ತಿನ ದಿನಪತ್ರಿಕೆ ಪಕ್ಕ ಹಿಡಿದು ತೆಗೆದಿಡಿ. ಗೋಡೆಗೆ ಗಾಜಿನ ಪಟ್ಟಿಯೋ ಅಳತೆ ಗುರುತೋ ಅಂಟಿಸಿ ಹೋಗಿದ್ದರೆ ಅದನ್ನ ಕಿತ್ತು ಹಾಕಬೇಡಿ, ಬಿರುಕು ಬೆಳೀತಿದ್ಯಾ ಅಂತ ತಿಳಿಯೋದು ಅದರಿಂದಲೇ. ಬ್ಯಾರಿಕೇಡ್ ಸರಿಸಿ ಗಿರಾಕಿಗೆ ದಾರಿ ಮಾಡಿಕೊಡೋದಂತೂ ಬೇಡವೇ ಬೇಡ. ಎಲ್ಲಾ ದಾಖಲೆಯನ್ನ ಅಂಗಡಿ ಲೈಸೆನ್ಸ್ ಇಡೋ ಫೈಲಲ್ಲೇ ಇಡಿ, ಬೇಕಾದಾಗ ಹುಡುಕೋ ತಾಪತ್ರಯ ಇರಲ್ಲ.